ಎರಡನೇ ಮ್ಯಾಪ್ ಸೋಲಲೇಬೇಕಿತ್ತು

ಮಾರ್ಚ್ ಮೂರು, ಮಂಗಳವಾರ. ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಇನ್ಷಿರಾಹ್ ಎಂಬ ಹೆಂಗಸು ಅಲೆಕ್ಸಾಂಡ್ರಿಯಾದ ಸಮುದ್ರದಂಡೆ ಠಾಣೆಗೆ ಬಂದು, ದೂರು ಕೊಡಬೇಕು ಎಂದಳು. ಯಾರ ಮೇಲೆ ಎಂದು ಕಾನ್‌ಸ್ಟೆಬಲ್ ಬಸ್ಯೂನಿ ಕೇಳಿದ. ನಿಮ್ಮ ಮೇಲೇ ಎಂದಳು. ರಂಜಾನ್ ಬಂತೆಂದರೆ ಬಸ್ಯೂನಿಗೆ ಹಸಿವು ಬಾಯಾರಿಕೆ ಲೆಕ್ಕಕ್ಕಿಲ್ಲ, ಬೆಳಗಿನಿಂದ ಸಿಗರೇಟು ಸೇದುವಂತಿಲ್ಲ ಎಂಬುದೇ ದೊಡ್ಡ ಸಂಕಟ. ಸಂಜೆಯವರೆಗೂ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಆ ಮುಖ ನೋಡಿದ ಮೇಲೆ ಅವನು ಸೀದಾ ಇನ್ಸ್‌ಪೆಕ್ಟರ್ ವಗ್ದಿ ಶಾಹೀನನ ಕೋಣೆಗೆ ಕರೆತಂದು ಕುರ್ಚಿ ಎಳೆದು ಕೊಟ್ಟ.

ಆಕೆ ಹೈಸಮನ ತಾಯಿ. ಹತ್ತೊಂಬತ್ತು ವರ್ಷದ ಹೈಸಮ್ ಫೆಬ್ರವರಿ ಇಪ್ಪತ್ತೇಳರ ಶುಕ್ರವಾರ ಸಂಜೆ ಎಂಟೂ ಹತ್ತಕ್ಕೆ ಸಮುದ್ರದಂಡೆ ರಸ್ತೆಯಲ್ಲಿ ಬೈಕಿನಲ್ಲಿ ಬರುತ್ತಾ, ತಿರುವಿನಲ್ಲಿ ತಿರುಗದೆ ನೇರವಾಗಿ ತಡೆಗೋಡೆಗೆ ಗುದ್ದಿ ಸತ್ತಿದ್ದ. ಬ್ರೇಕು ಹಾಕಿದ ಗುರುತೇ ರಸ್ತೆಯ ಮೇಲಿರಲಿಲ್ಲ. ರಕ್ತದಲ್ಲಿ ನರನೋವಿನ ಒಂದು ಔಷಧಿಯ ಅಂಶ ಸಿಕ್ಕಿತ್ತು. ಚೀಟಿಯಿಲ್ಲದೆ ಮಾರುವಂತಿಲ್ಲದ ಆ ಗುಳಿಗೆಯನ್ನು ಊರಿನ ಪಡ್ಡೆಗಳು ಅಮಲಿಗಾಗಿ ನುಂಗುವುದು ಠಾಣೆಗೆ ಹೊಸದೇನಲ್ಲ. ಹಾಗಾಗಿ ವಗ್ದಿ ಭಾನುವಾರವೇ ವರದಿಯ ಕೊನೆಗೆ ಒಂದು ವಾಕ್ಯ ಬರೆದು ಸಹಿ ಹಾಕಿದ್ದ: ಸವಾರನು ಮತ್ತಿನ ಗುಳಿಗೆ ಸೇವಿಸಿ ಅಜಾಗರೂಕತೆಯಿಂದ ಚಾಲನೆ ಮಾಡಿದ್ದೇ ಸಾವಿಗೆ ಕಾರಣ. ಬರೆಯುವುದಕ್ಕೆ ಒಂದು ನಿಮಿಷವೂ ಹಿಡಿದಿರಲಿಲ್ಲ.

ಆ ವಾಕ್ಯ ಅದು ಹೇಗೋ ಓಣಿಗೆ ಮುಟ್ಟಿಬಿಟ್ಟಿತ್ತು. ಇನ್ಷಿರಾಹ್ ಓಣಿಯ ಬಟ್ಟೆಗಳನ್ನೆಲ್ಲ ಇಸ್ತ್ರಿ ಮಾಡಿಕೊಡುವವಳು. ಇಪ್ಪತ್ತು ವರ್ಷದಿಂದ ಅವರ ಮದುವೆಯ ಅಂಗಿ, ಹಬ್ಬದ ಅಂಗಿ ಎಲ್ಲ ಅವಳ ಕೈಯಲ್ಲೇ ಹಾದುಹೋಗಿವೆ. ಮೂರನೇ ದಿನದ ಕುರಾನ್ ಪಠಣಕ್ಕೆ ಅವಳು ನಲವತ್ತು ಕುರ್ಚಿ ತರಿಸಿದ್ದಳು. ಬಂದವರು ಆರು ಜನ. ಎದುರುಮನೆಯವಳಂತೂ ಮಗಳನ್ನು ಕಿಟಕಿಯಿಂದ ಒಳಗೆ ಎಳೆದುಕೊಂಡಳಂತೆ.

"ನನ್ನ ಮಗ ಸತ್ತ, ಅದು ದೇವರ ಇಚ್ಛೆ, ಅದಕ್ಕೆ ನಾನು ಠಾಣೆಗೆ ಬಂದಿಲ್ಲ ಪಾಷಾ," ಎಂದಳು, ಊರಿನವರು ಪೊಲೀಸ್ ಅಧಿಕಾರಿಗಳನ್ನು ಕರೆಯುವಂತೆ. "ಗುಳಿಗೆ ನುಂಗೋನು ಅಂತ ಬರ್ದಿದೀರಲ್ಲ, ಆ ಒಂದು ಸಾಲು ತೆಗೀರಿ. ಅವನು ತಲೆನೋವಿಗೂ ಮಾತ್ರೆ ತಗೊಳ್ತಿರ್ಲಿಲ್ಲ. ಕೈ ನಿಧಾನ ಆಗುತ್ತೆ ಅಂತ ಹೆದರ್ತಿದ್ದ."

ಬರೆದದ್ದನ್ನು ಹಾಗೆಲ್ಲ ತೆಗೆಯಲಾಗುವುದಿಲ್ಲ ಎಂದು ವಗ್ದಿ ಹೇಳಬೇಕೆಂದಿದ್ದ. ಇಂಥ ತಾಯಂದಿರನ್ನು ಅವನು ಬೇಕಾದಷ್ಟು ಕಂಡಿದ್ದ. ಆದರೆ ಕೈಯ ಮಾತು ಅವನ ಮನಸ್ಸಿಗೆ ನಾಟಿತು. ಹುಡುಗ ಸುಮ್ಮನೆ ಬೀದಿ ಸುತ್ತುವವನಲ್ಲ. ಐದು ಜನರ ತಂಡ ಕಟ್ಟಿ ಕಂಪ್ಯೂಟರಿನಲ್ಲಿ ಗುಂಡು ಹಾರಿಸುವ ಆಟ ಆಡುತ್ತಿದ್ದ. ಊರಿನ ಲೀಗಿನಲ್ಲಿ ಹೆಸರು ಮಾಡಿದ್ದ. ಸತ್ತ ದಿನವೂ ಪಂದ್ಯ ಆಡಿಯೇ ಹೊರಟಿದ್ದ. ಗೆಲ್ಲಬೇಕಾದವನು ಪಂದ್ಯದ ದಿನವೇ ತೂಕಡಿಸುವ ಗುಳಿಗೆ ಏಕೆ ನುಂಗಿದ? ಈ ಪ್ರಶ್ನೆ ಭಾನುವಾರವೇ ಏಳಬೇಕಿತ್ತು, ಎದ್ದಿರಲಿಲ್ಲ. ವಗ್ದಿಗೆ ತನ್ನ ಮೇಲೇ ನಾಚಿಕೆಯಾಯಿತು. ಹನ್ನೊಂದು ಗಂಟೆಗೆ ಹೊಸ ಎಫ್‌ಐಆರ್ ದಾಖಲಾಯಿತು: ಅಪರಿಚಿತರಿಂದ ಮದ್ದು ಬೆರೆಸಿರುವ ಶಂಕೆ.

ಮಧ್ಯಾಹ್ನ ಒಂದೂವರೆಗೆ, ಇಬ್ಬರು ಪಂಚರ ಎದುರು, ಠಾಣೆಯ ಉಗ್ರಾಣದಲ್ಲಿದ್ದ ಹೈಸಮನ ಚೀಲ ಬಿಚ್ಚಿ ಪಂಚನಾಮೆ ಮಾಡಿದರು. ಒಂದು ಇಲಿ, ಅಂದರೆ ಕಂಪ್ಯೂಟರಿನ ಮೌಸು, ಬಟ್ಟೆಯಲ್ಲಿ ಸುತ್ತಿದ್ದು. ಒಂದು ಹತ್ತಿಯ ಟೋಪಿ. ಅರ್ಧ ಖಾಲಿಯಾದ ಜರ್ದಾಲು ಹಣ್ಣಿನ ಪಾನಕದ ಬಾಟಲಿ. ಬಾಟಲಿ ನೋಡುತ್ತಲೇ ಇನ್ಷಿರಾಹಳ ಮುಖ ಬಿಳಿಚಿತು. ಅದು ಅವಳೇ ಕಾಸಿ ಕೊಟ್ಟ ಪಾನಕ. ತಾಯಿಯೇ ಏನಾದರೂ ಹಾಕಿದಳೋ ಏನೋ ಎಂದು ಓಣಿಯಲ್ಲಿ ಯಾರೋ ಅಂದಿದ್ದರಂತೆ, ಪಾಪ. ವಗ್ದಿ ಬಾಟಲಿಯನ್ನು ತುರ್ತು ಎಂದು ಗುರುತು ಹಾಕಿ ಪ್ರಯೋಗಾಲಯಕ್ಕೆ ಕಳಿಸಿದ. ಮಾರನೆಯ ಬೆಳಿಗ್ಗೆ ಉತ್ತರ ಬಂತು, ಪಾನಕದಲ್ಲಿ ಏನೂ ಇಲ್ಲ. ಅದನ್ನು ಅವಳಿಗೆ ತಿಳಿಸಲು ಅವನು ತಾನೇ ಫೋನ್ ಮಾಡಿದ.

ಬುಧವಾರ ಮಧ್ಯಾಹ್ನ ತಂಡದ ಅಭ್ಯಾಸದ ಜಾಗಕ್ಕೆ ಹೋದರು. ಒಂದು ಕಬ್ಬಿಣದ ಸಾಮಾನಿನ ಅಂಗಡಿಯ ಮೇಲಿನ ಬಾಡಿಗೆ ಮನೆ. ತಂಡದ ತರಬೇತುದಾರ ಲುತ್ಫಿ ದರ್ವೀಶ್ ಬಾಗಿಲು ತೆಗೆದ. ವಯಸ್ಸು ಮೂವತ್ತೆಂಟು, ಎರಡೂ ಮಣಿಕಟ್ಟಿಗೆ ಪಟ್ಟಿ. ಈ ಆಟವನ್ನು ಊರಿಗೆ ತಂದವರಲ್ಲಿ ಅವನೂ ಒಬ್ಬ. ಆಡಿ ಆಡಿ ಕೈಯ ನರ ಕೆಟ್ಟು, ಇಪ್ಪತ್ತೇಳಕ್ಕೇ ಆಟ ಬಿಟ್ಟವನು. ಹುಡುಗರೆಲ್ಲ ಅವನನ್ನು ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು. ಹೈಸಮನ ಹೆಸರೆತ್ತಿದ್ದೇ ತಡ, ಅವನ ಕಣ್ಣು ತುಂಬಿತು. ಹುಡುಗ ಯಾವ ಅಭ್ಯಾಸವೂ ಇಲ್ಲದವನು, ನಾನು ಬೇಕಾದರೆ ಬರೆದು ಕೊಡುತ್ತೇನೆ ಎಂದ. ಅಳು ನಾಟಕದ್ದಲ್ಲ ಎಂದು ವಗ್ದಿಗೆ ಅನ್ನಿಸಿತು. ಅನ್ನಿಸಿದ್ದು ಸರಿಯಾಗಿಯೇ ಇತ್ತು.

ತಂಡದ ಇನ್ನೊಬ್ಬ ಆಟಗಾರ ಮುಹನ್ನದನನ್ನು ಪಕ್ಕದ ಕೋಣೆಯಲ್ಲಿ ಕೂರಿಸಿಕೊಂಡು ಶುಕ್ರವಾರದ ಸಂಗತಿ ಕೇಳಿದರು. ಪಂದ್ಯವೆಂದರೆ ಮೂರು ಮ್ಯಾಪು, ಒಂದೊಂದೂ ಒಂದೊಂದು ಕಣವಿದ್ದಂತೆ. ಎರಡು ಗೆದ್ದವರು ಗೆದ್ದಂತೆ. ಬಂದರಿನ ಮ್ಯಾಪು ಮೊದಲನೆಯದು, ಅದನ್ನು ಹೈಸಮ್ ಒಬ್ಬನೇ ಗೆದ್ದುಕೊಟ್ಟ ಎನ್ನಬೇಕು. ಐದೂ ಐವತ್ತೇಳಕ್ಕೆ ಬಾಂಗ್. ಎಲ್ಲರೂ ಪಂದ್ಯದ ಸಭಾಂಗಣದಲ್ಲೇ ಉಪವಾಸ ಬಿಟ್ಟರು. ಹುಡುಗರಿಗೆ ಪಾನಕದ ಲೋಟ ಕೈಗೆ ಕೊಡುವುದು ಹಿರಿಯನಾದ ಕ್ಯಾಪ್ಟನ್ನನ ವಾಡಿಕೆ. ಹೈಸಮ್ ತಾನು ತಂದಿದ್ದನ್ನು ಎಲ್ಲರಿಗೂ ಹಂಚಿ, ಕ್ಯಾಪ್ಟನ್ ಕೊಟ್ಟಿದ್ದನ್ನು ಕುಡಿದ. ಉಳಿದವರು ಅನ್ನ ಮಾಂಸ ಬಾರಿಸಿದರು. ಹೈಸಮ್ ಮೂರು ಖರ್ಜೂರ ತಿಂದು ಸಾಕೆಂದ. ಅಮ್ಮ ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿ ಇಟ್ಟಿದಾಳೆ, ಹೊಟ್ಟೆಯಲ್ಲಿ ಜಾಗ ಬೇಕು ಎಂದು ನಕ್ಕ. ಆರೂವರೆಗೆ ಎರಡನೇ ಮ್ಯಾಪು, ಕಲ್ಲುಗಣಿ. ಅದರಲ್ಲಿ ಅವನ ಕೈ ಓಡಲೇ ಇಲ್ಲ. ಸೋತರು. ತಲೆ ಭಾರ ಎಂದು ಮೂರನೆಯದಕ್ಕೆ ಅವನು ಎದ್ದುಬಿಟ್ಟ. ಬದಲಿ ಆಟಗಾರ ಕೂತ, ಹೇಗೋ ಗೆದ್ದರು.

"ಮನೆಗೆ ಹೊರಟಾಗ ಯಾರೂ ತಡೀಲಿಲ್ವಾ?" ವಗ್ದಿ ಕೇಳಿದ.

"ನಮಗೇನು ಗೊತ್ತು ಪಾಷಾ, ಹಸಿವಿಂದ ಹಾಗಾಗಿದೆ ಅನ್ಕೊಂಡ್ವಿ. ಕ್ಯಾಪ್ಟನ್ ಮಾತ್ರ ಬೈಕಿನ ಕೀಲಿ ಕಿತ್ಕೊಂಡಿದ್ರು. ಇಲ್ಲೇ ಮಲ್ಕೋ, ಟ್ಯಾಕ್ಸಿ ತರಿಸ್ತೀನಿ, ನನ್ನಾಣೆ ಬೈಕ್ ಮುಟ್ಟಬೇಡ ಅಂತ ಕೈ ಹಿಡ್ಕೊಂಡ್ರು. ಇವನು ನಗ್ತಾ ಕೀಲಿ ಕಸ್ಕೊಂಡು ಓಡ್ದ. ಕ್ಯಾಪ್ಟನ್ ಮೆಟ್ಟಿಲಿನವರೆಗೂ ಹಿಂದೆ ಓಡಿದ್ರು."

ನಾಲ್ಕು ಜನ ಗೆಳೆಯರಿಗೆ ಕಾಣದ ಅಪಾಯ ಅವನೊಬ್ಬನಿಗೆ ಕಂಡಿತ್ತು. ಪ್ರೀತಿ ಇದ್ದವರಿಗೆ ಕಾಣುತ್ತದೆ ಎನ್ನಬಹುದು. ಗೊತ್ತಿದ್ದವರಿಗೂ ಕಾಣುತ್ತದೆ. ವಗ್ದಿ ಆ ಮಾತನ್ನು ಹೇಳಿಕೆಯಲ್ಲಿ ಬರೆಸಿಕೊಂಡು ಅಡಿಗೆರೆ ಎಳೆದ.

ಹೊರಡುವಾಗ ಮುಹನ್ನದ್ ಇನ್ನೊಂದು ಸಂಗತಿ ಹೇಳಿದ. ಫೋನಿನಲ್ಲಿ ಪಂದ್ಯಗಳ ಮೇಲೆ ವ್ಯಾಪಾರ ನಡೆಯುವ ಒಂದು ತಾಣವಿದೆ. ಅಲ್ಲಿ 'ಬಲ್ಲವನು' ಎಂಬ ಹೆಸರಿನಲ್ಲಿ ಒಬ್ಬ ಮ್ಯಾಪು ಮ್ಯಾಪಿಗೂ ಭವಿಷ್ಯ ಬರೆಯುತ್ತಾನೆ, ತಪ್ಪುವುದೇ ಇಲ್ಲ. ಕಲ್ಲುಗಣಿ ಸೋಲುತ್ತೀರಿ ಎಂದು ಅವನು ಪಂದ್ಯಕ್ಕೆ ಎರಡು ದಿನ ಮೊದಲು, ಬುಧವಾರವೇ ಬರೆದಿದ್ದ. ಹೈಸಮ್ ಅದನ್ನು ಓದಿ, ಈ ಮಹಾಶಯನಿಗೆ ಒಂದು ಪಾಠ ಕಲಿಸಬೇಕು ಎಂದು ತಮಾಷೆ ಮಾಡಿದ್ದನಂತೆ.

ಇದೆಲ್ಲ ವಗ್ದಿಗೆ ತಲೆಬುಡ ತಿಳಿಯಲಿಲ್ಲ. ಗುರುವಾರ ಬೆಳಿಗ್ಗೆ ಸೈಬರ್ ವಿಭಾಗದ ತಂತ್ರಜ್ಞೆ ನರ್ಮೀನಳನ್ನು ಕರೆಸಿದ. ಅವಳು ಮೇಜಿನ ಮೇಲೆ ಫೋನಿಟ್ಟು ಬೆರಳಾಡಿಸುತ್ತಾ ವಿವರಿಸಿದಳು.

"ಈರುಳ್ಳಿ ಮಂಡಿ ಇದ್ದ ಹಾಗೇ ಸರ್. ಇಲ್ಲಿ ಮಾರೋದು ಈರುಳ್ಳಿ ಅಲ್ಲ, ಇದು ಆಗುತ್ತೆ, ಇದು ಆಗಲ್ಲ ಅನ್ನೋ ಮಾತು. ಎರಡನೇ ಮ್ಯಾಪ್ ಸೋಲ್ತಾರೆ ಅನ್ನೋದಕ್ಕೆ ಒಂದು ಚೀಟಿ. ಅದು ನಿಜವಾದ್ರೆ ಚೀಟಿಗೆ ನೂರು, ಸುಳ್ಳಾದ್ರೆ ಸೊನ್ನೆ. ಜನ ನಂಬಿದ ಹಾಗೆ ದರ ಏರುತ್ತೆ, ಇಳಿಯುತ್ತೆ. ಪಂದ್ಯಕ್ಕೆ ಬೇರೆ, ಒಂದೊಂದು ಮ್ಯಾಪಿಗೂ ಬೇರೆ."

"ಹಾಗಾದ್ರೆ ಜೂಜು ಅನ್ನಮ್ಮ," ಎಂದ ಬಸ್ಯೂನಿ. ಹಾಗೆ ಅಂದರೆ ಅಲ್ಲಿನವರಿಗೆ ಕೆಂಡದಂಥ ಕೋಪ ಬರುತ್ತದೆ, ಅದು ಜ್ಞಾನದ ಮಾರುಕಟ್ಟೆಯಂತೆ ಎಂದು ಅವಳು ನಕ್ಕಳು.

ಪ್ರತಿ ಮ್ಯಾಪಿನ ಕೆಳಗೂ ಜನ ಮಾತಾಡುವ ಒಂದು ಕಟ್ಟೆ ಇತ್ತು. ಬಲ್ಲವನ ಬರಹವನ್ನು ಏಳು ಸಾವಿರ ಜನ ಹಿಂಬಾಲಿಸುತ್ತಿದ್ದರು. ಸಾಲಾಗಿ ಹನ್ನೆರಡು ಮ್ಯಾಪುಗಳ ಭವಿಷ್ಯ ಸರಿ ಹೇಳಿದ್ದ. ಇಂಥ ಹುಡುಗ ಇಂಥ ಮೂಲೆಯಲ್ಲಿ ಎಡಕ್ಕೆ ನೋಡುವುದಿಲ್ಲ, ಇಂಥ ತಂಡ ಇಂಥ ಕಡೆ ಅವಸರ ಮಾಡುತ್ತದೆ ಎಂದು ಕಾರಣ ಸಮೇತ ಬರೆಯುತ್ತಿದ್ದ. ಹೈಸಮನ ತಂಡದ ಬಗ್ಗೆ ಮಾತ್ರ ಎಂದೂ ಬರೆದಿರಲಿಲ್ಲ. ಭಯವೇ ಎಂದು ಜನ ಕೆಣಕಿದ ಮೇಲೆ, ಫೆಬ್ರವರಿ ಇಪ್ಪತ್ತೈದರಂದು ಬರೆದ: ಪಂದ್ಯ ಗೆಲ್ಲುತ್ತಾರೆ, ಎರಡನೇ ಮ್ಯಾಪ್ ಸೋಲುತ್ತಾರೆ, ಕಲ್ಲುಗಣಿಯಲ್ಲಿ ಆ ಹುಡುಗ ಕಚ್ಚಾ. ಶುಕ್ರವಾರ ಹೈಸಮ್ ಮೊದಲ ಮ್ಯಾಪಿನಲ್ಲಿ ಎದುರಾಳಿಗಳನ್ನು ಅರೆದು ಹಾಕುತ್ತಿದ್ದಂತೆ ಸೋಲಿನ ಚೀಟಿಯ ದರ ಹನ್ನೊಂದಕ್ಕೆ ಬಿದ್ದಿತ್ತು. ಅದರ ಕೆಳಗೆ ಜನರ ಗೇಲಿ ಪುಟಗಟ್ಟಲೆ. ಬಲ್ಲವನೇ, ಗಂಟು ಮೂಟೆ ಕಟ್ಟು. ಬಲ್ಲವನೇ, ಇನ್ನು ತರಕಾರಿ ಮಾರು.

ನರ್ಮೀನ್ ಅದರ ಕೆಳಗಿನ ಒಂದು ಸಾಲಿನ ಮೇಲೆ ಬೆರಳಿಟ್ಟಳು. ಸಂಜೆ ಆರೂ ಮೂವತ್ತಾರಕ್ಕೆ ಬಲ್ಲವನು ಬರೆದಿದ್ದ: ಹುಡುಗನ ಕೈ ಇವತ್ತು ತಡ. ಕಾದು ನೋಡಿ.

ಇದರಲ್ಲೇನು ವಿಶೇಷ ಎಂದು ವಗ್ದಿ ಕೇಳಿದ. ಪಂದ್ಯದ ನೇರ ಪ್ರಸಾರ ನೇರ ಅಲ್ಲ ಎಂದಳು ನರ್ಮೀನ್. ಹೊರಗಿನವರು ಆಟಗಾರರಿಗೆ ಸುಳಿವು ಕೊಡಬಾರದೆಂದು ಪ್ರಸಾರವನ್ನು ಐದು ನಿಮಿಷ ತಡವಾಗಿ ಬಿಡುತ್ತಾರೆ. ಎರಡನೇ ಮ್ಯಾಪು ಶುರುವಾದದ್ದು ಆರೂ ಮೂವತ್ತೆರಡಕ್ಕೆ. ಜಗತ್ತಿಗೆ ಕಂಡದ್ದು ಆರೂ ಮೂವತ್ತೇಳಕ್ಕೆ. ಬಲ್ಲವನು ಬರೆಯುವ ಹೊತ್ತಿಗೆ ಹೊರಗಿನವರು ಒಂದು ಗುಂಡು ಹಾರಿದ್ದನ್ನೂ ನೋಡಿರಲಿಲ್ಲ.

ಪ್ರೇಕ್ಷಕರಿಲ್ಲದ ಪಂದ್ಯ ಅದು. ಹುಡುಗರ ಫೋನುಗಳನ್ನೆಲ್ಲ ಬೀಗದ ಪೆಟ್ಟಿಗೆಯಲ್ಲಿಡುತ್ತಾರೆ. ಉಪವಾಸ ಬಿಡುವ ಹೊತ್ತಿಗೆ ಮನೆಗೆ ಮಾತಾಡಲೆಂದು ಕೊಟ್ಟು, ಆರೂ ಇಪ್ಪತ್ತಕ್ಕೆ ವಾಪಸು ಪಡೆದ ಸಹಿಯೂ ಇತ್ತು. ತರಬೇತುದಾರರ ಫೋನನ್ನೂ ಇಡಬೇಕು. ಅವರೂ ನಮ್ಮ ಹಾಗೆ ದೊಡ್ಡವರಲ್ಲವೇ, ಹೇಗೆ ಕೇಳುವುದು ಎಂದು ಪೆಟ್ಟಿಗೆ ಕಾಯುವವನು ತಲೆ ಕೆರೆದುಕೊಂಡ. ಸಭಾಂಗಣದ ಕ್ಯಾಮೆರಾ ನೋಡಿದರು. ಆರೂ ಮೂವತ್ತಾರಕ್ಕೆ ಲುತ್ಫಿ ಹುಡುಗರ ಬೆನ್ನ ಹಿಂದೆ ನಿಂತಿದ್ದ, ಸೊಂಟದ ಹತ್ತಿರ ಕೈ ಮರೆಮಾಡಿಕೊಂಡು ಫೋನಿನಲ್ಲಿ ಏನೋ ಒತ್ತುತ್ತಿದ್ದ.

ಇನ್ನು ಔಷಧಿ. ಶುಕ್ರವಾರ, ಶನಿವಾರ ಎರಡು ದಿನ ಬಸ್ಯೂನಿ ಆ ಭಾಗದ ಔಷಧಿ ಅಂಗಡಿಗಳ ರಿಜಿಸ್ಟರುಗಳನ್ನೆಲ್ಲ ತಿರುವಿ ಹಾಕಿದ. ಹದಿನೇಳನೆಯ ಅಂಗಡಿಯಲ್ಲಿ ಲುತ್ಫಿ ದರ್ವೀಶನ ಹೆಸರು ಸಿಕ್ಕಿತು. ಮಣಿಕಟ್ಟಿನ ನರನೋವಿಗೆ ವೈದ್ಯರ ಚೀಟಿಯ ಮೇಲೆ ಪ್ರತಿ ತಿಂಗಳೂ ಕೊಳ್ಳುತ್ತಿದ್ದ. ಸಂಜೆ ನಾಲ್ಕು ಗಂಟೆಗೆ, ಮಾರ್ಚ್ ಏಳರಂದು, ಅವನನ್ನು ಕರೆತಂದರು. ವಗ್ದಿ ಚೀಟಿಯ ನಕಲನ್ನು ಅವನ ಮುಂದಿಟ್ಟ.

"ಕ್ಯಾಪ್ಟನ್, ಪಂದ್ಯದ ದಿನ ಉಪವಾಸ ಇದ್ರಾ?"

"ಇದೆಂಥಾ ಪ್ರಶ್ನೆ ಪಾಷಾ?"

"ಬೆಳಿಗ್ಗೆ ತಿಂಡಿ ಆದ್ಮೇಲೆ ಎರಡು, ರಾತ್ರಿ ಊಟ ಆದ್ಮೇಲೆ ಎರಡು ಅಂತ ವೈದ್ಯರು ಬರ್ದಿದಾರೆ. ಉಪವಾಸ ಮಾಡಬಾರ್ದು ಅಂತಾನೂ ಬರ್ದಿದಾರೆ."

ಲುತ್ಫಿ ಆ ನಕಲನ್ನು ಮಗುಚಿ ಇಟ್ಟ. ಹುಡುಗರಿಗೆ ಗೊತ್ತಿಲ್ಲ ಎಂದ. ನಾಚಿಕೆಯಾಗಿ ಯಾರಿಗೂ ಹೇಳಿರಲಿಲ್ಲ, ಬೆಳಿಗ್ಗೆ ಬಾಗಿಲು ಹಾಕಿಕೊಂಡು ತಿನ್ನುತ್ತಿದ್ದೆ, ಸಂಜೆ ಅವರ ಜೊತೆ ಕೂತು ಹಸಿದವನಂತೆ ಖರ್ಜೂರ ತೆಗೆದುಕೊಳ್ಳುತ್ತಿದ್ದೆ ಎಂದ. ಮದ್ದಿನ ಮಾತಿಗೆ ಬರುವ ಮೊದಲು ಅವನು ಅಳತೊಡಗಿದ್ದು ಅದಕ್ಕೇ.

ಆಮೇಲೆ ಎಲ್ಲವೂ ತಾನಾಗಿ ಹೊರಬಂತು. ಬಲ್ಲವನ ಹೆಸರಿನಲ್ಲಿ ಅವನು ಬುಧವಾರ ಬರೆದದ್ದು ಪ್ರಾಮಾಣಿಕವಾಗಿಯೇ ಬರೆದದ್ದು. ಹುಡುಗ ಕಲ್ಲುಗಣಿಯಲ್ಲಿ ಕಚ್ಚಾ ಎಂಬುದು ನಿಜವೇ ಆಗಿತ್ತು. ಆದರೆ ಶುಕ್ರವಾರ ಬೆಳಗಿನ ಅಭ್ಯಾಸದಲ್ಲಿ ನೋಡುತ್ತಾನೆ, ಹೈಸಮನನ್ನು ಹಿಡಿಯುವವರೇ ಇಲ್ಲ. ಮೊದಲ ಮ್ಯಾಪು ಮುಗಿದಾಗ ಲುತ್ಫಿ ಕಕ್ಕಸಿಗೆ ಹೋಗಿ ಬಾಗಿಲು ಹಾಕಿಕೊಂಡು ಆ ಗೇಲಿಯನ್ನೆಲ್ಲ ಓದಿದ. ಜೇಬಿನಲ್ಲಿ ತನ್ನದೇ ಗುಳಿಗೆ ಇತ್ತು. ಬಿಡಿಸಿ ಪುಡಿಯನ್ನು ಲೋಟಕ್ಕೆ ಸುರಿದ.

"ನಾನು ಎರಡು ನುಂಗಿ ಇಡೀ ದಿನ ಓಡಾಡ್ತೀನಿ ಪಾಷಾ. ಅವನಿಗೆ ಒಂದೇ ಒಂದು ಹಾಕಿದ್ದು. ಒಂಚೂರು ಕೈ ತಡ ಆಗ್ಲಿ, ಒಂದು ಮ್ಯಾಪ್ ಹೋಗ್ಲಿ, ಪಂದ್ಯ ಹೇಗಿದ್ರೂ ಗೆಲ್ತೀವಿ ಅಂತ. ಹೊಟ್ಟೆ ತುಂಬಿದ ನನ್ನ ಲೆಕ್ಕ ಹಾಕ್ದೆ. ಹದಿಮೂರು ಗಂಟೆ ಖಾಲಿ ಹೊಟ್ಟೇಲಿದ್ದ ಅವನ ಲೆಕ್ಕ ಹಾಕ್ಲಿಲ್ಲ. ಉಪವಾಸ ಇದ್ದಿದ್ರೆ ನಂಗೆ ಹೊಳೀತಿತ್ತೋ ಏನೋ."

ಎಷ್ಟು ಗಳಿಸಿದೆ ಎಂದು ವಗ್ದಿ ಕೇಳಿದ. ಸೋಲಿನ ಚೀಟಿ ತಾನೂ ಕೊಂಡಿದ್ದರಿಂದ ಬಂದದ್ದು ಎರಡು ಸಾವಿರದ ಚಿಲ್ಲರೆ ಪೌಂಡು. ಅದನ್ನವನು ತೆಗೆದೂ ಇರಲಿಲ್ಲ. ನರ್ಮೀನ್ ಆಗಲೇ ನೋಡಿದ್ದಳು, ಹಾಗೇ ಬಿದ್ದಿತ್ತು. ಹಾಗಾದರೆ ಇದೆಲ್ಲ ಯಾತಕ್ಕೆ ಎಂದ ವಗ್ದಿ.

"ಇಪ್ಪತ್ತು ವರ್ಷ ಈ ಆಟ ನೋಡಿದೀನಿ," ಎಂದ ಲುತ್ಫಿ. "ತಂಡಕ್ಕೆ ದುಡ್ಡು ಹಾಕೋ ಕ್ಲಬ್ಬಿನ ಯಜಮಾನ ನಾನು ಬಾಯಿ ತೆಗೆದ್ರೆ ಗಡಿಯಾರ ನೋಡ್ತಾನೆ. ನಮ್ಮಪ್ಪ ಸಾಯೋವರೆಗೂ ನನ್ನನ್ನ ಮಕ್ಕಳಾಟದವನು ಅಂದ. ಅಲ್ಲಿ ಏಳು ಸಾವಿರ ಜನ ನನ್ನ ಮಾತಿಗೆ ಕಾಯ್ತಿದ್ರು. ಜೀವನದಲ್ಲಿ ಮೊದಲನೇ ಸಲ."

ಆರು ಗಂಟೆ ಐದು ನಿಮಿಷಕ್ಕೆ ಬಂಧನದ ಮಹಜರು ಮುಗಿಯಿತು. ಆಗಲೇ ಬಾಂಗ್ ಆಗಿತ್ತು. ಬಸ್ಯೂನಿ ಸಿಗರೇಟು ಕೈಯಲ್ಲಿ ಹಿಡಿದುಕೊಂಡು ಹಚ್ಚದೆ ನಿಂತಿದ್ದ.

ಭಾನುವಾರ ಬೆಳಿಗ್ಗೆ ವಗ್ದಿ ತಾನೇ ಓಣಿಗೆ ಹೋದ. ಬೇಕೆಂದೇ ಸಮವಸ್ತ್ರದಲ್ಲಿ ಹೋದ, ಬೇಕೆಂದೇ ಬಾಗಿಲಲ್ಲಿ ನಿಂತು, ಎದುರುಮನೆಗೂ ಕೇಳುವಂತೆ ಹೊಸ ವಾಕ್ಯ ಓದಿದ: ಮೃತನು ಯಾವುದೇ ಮತ್ತಿನ ಪದಾರ್ಥವನ್ನು ತಿಳಿದು ಸೇವಿಸಿರುವುದಿಲ್ಲ, ಅವನಿಗೆ ಅರಿವಿಲ್ಲದಂತೆ ಮತ್ತೊಬ್ಬರು ಪಾನಕದಲ್ಲಿ ಮದ್ದು ಬೆರೆಸಿ ಕೊಟ್ಟಿರುತ್ತಾರೆ. ಮೊದಲು ಬರೆದದ್ದು ನಾನೇ, ತಪ್ಪು ನನ್ನದೇ ಎಂದೂ ಹೇಳಿದ. ಇನ್ಷಿರಾಹ್ ತಲೆವಸ್ತ್ರದ ಅಂಚಿನಿಂದ ಕಣ್ಣೊರೆಸಿಕೊಂಡು, ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ ಎಂದಳು. ಆಮೇಲೆ ಯಾರು ಎಂದು ಕೇಳಿದಳು.

ಅವನು ಒಳಗೆ ಬಂದು, ಕೂತು, ಹೆಸರು ಹೇಳಿದ. ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ.

"ಕ್ಯಾಪ್ಟನ್ನಾ? ಮಗೂಗೆ ಕಡೇ ಸ್ನಾನ ಮಾಡ್ಸಿದ್ದು ಅವರೇ ಅಲ್ವಾ. ಅವನಿಗೆ ಅಪ್ಪ ಇಲ್ಲ, ಅಣ್ಣ ತಮ್ಮ ಇಲ್ಲ, ಇನ್ಯಾರು ಮಾಡಿಸ್ಬೇಕು. ಶವಾಗಾರದಿಂದ ಹೊರಗೆ ಬಂದು ನನ್ನ ಕಾಲ ಹತ್ರ ಕುಸಿದು ಕೂತ್ರು. ನಾನೇ ತಲೆ ಸವರಿ ಸಮಾಧಾನ ಮಾಡ್ದೆ."

ಮೂಲೆಯಲ್ಲಿ ಇಸ್ತ್ರಿಗೆ ಬಂದ ಒಂದು ಗಂಟು ಬಟ್ಟೆ ಬಿದ್ದಿತ್ತು. ಓಣಿಯವರು ಬಟ್ಟೆ ಕಳಿಸುವುದನ್ನೇನೂ ನಿಲ್ಲಿಸಿರಲಿಲ್ಲ. ಎಷ್ಟು ದುಡ್ಡಿಗಾಗಿ ಮಾಡಿದರು ಎಂದು ಅವಳು ಕೇಳಿದಳು. ದುಡ್ಡಿಗಲ್ಲ ಎಂದ. ಎರಡನೇ ಮ್ಯಾಪು ಸೋಲುತ್ತಾರೆ ಎಂದು ನಾಲ್ಕು ಜನರೆದುರು ಹೇಳಿಬಿಟ್ಟಿದ್ದ, ನಿಮ್ಮ ಮಗ ಗೆಲ್ಲುವ ಹಾಗಿದ್ದ, ತನ್ನ ಮಾತು ಸುಳ್ಳಾಗುವುದು ಅವನಿಗೆ ಬೇಡವಾಗಿತ್ತು ಎಂದು ತನಗೆ ತಿಳಿದಷ್ಟು ಬಿಡಿಸಿ ಹೇಳಿದ.

ಅವಳು ಎದ್ದು ಕಿಟಕಿಯ ಹತ್ತಿರ ಹೋದಳು.

"ಕಲ್ಲುಗಣಿ ಅಂತಾರಲ್ಲ, ಅದನ್ನ ವಾರಪೂರ್ತಿ ಕಲೀತಿದ್ದ," ಎಂದಳು. "ಕ್ಯಾಪ್ಟನ್ ನಿನ್ನ ಕೈ ಅಲ್ಲಿ ಸಾಲಲ್ಲ ಅಂದಿದ್ರಂತೆ. ಅವರನ್ನ ಖುಷಿ ಮಾಡ್ಬೇಕು ಅಮ್ಮ ಅಂತ ಕೂತೇ ಇದ್ದ. ಒಂದು ಮಾತು ಅವನ ಕಿವೀಲಿ ಹೇಳಿದ್ರೆ ಸಾಕಿತ್ತು ಪಾಷಾ. ಇದು ಸೋತುಬಿಡು ಮಗಾ, ನನ್ನ ಮರ್ಯಾದೆ ಪ್ರಶ್ನೆ ಅಂತ. ಕ್ಯಾಪ್ಟನ್‌ಗೋಸ್ಕರ ಅವನೇ ಸೋತುಬಿಡ್ತಿದ್ದ. ನಗ್ತಾ ಸೋತು ಮನೆಗೆ ಬಂದು ಊಟ ಮಾಡ್ತಿದ್ದ."

ಅದನ್ನು ಹೇಳಿಕೆಯಾಗಿ ಬರೆದುಕೊಳ್ಳಬೇಕೋ ಬೇಡವೋ ವಗ್ದಿಗೆ ತಿಳಿಯಲಿಲ್ಲ. ಕೊನೆಗೆ ಬರೆದುಕೊಂಡ. ಅವಳು ಬಂದು ಅದರ ಕೆಳಗೆ ಹೆಬ್ಬೆಟ್ಟು ಒತ್ತಿದಳು.